ಒತ್ತು, ಹಿಡಿ, ಬಿಡು

ಬ್ರೇಕಿನ ಪೆಡಲ್ ಮತ್ತೆ ಮೆತ್ತಗೆ ಇಳಿಯಿತು, ಒದ್ದೆ ಬಟ್ಟೆಯ ಗಂಟನ್ನು ತುಳಿದ ಹಾಗೆ. ಅಲೈಡಾ ಬೂಟಿನೊಳಗೆ ಬೆರಳು ಮಡಿಸಿ, ಉಸಿರು ಬಿಗಿಹಿಡಿದು, ಪಾದ ಕಾರಿನ ತಳ ಮುಟ್ಟುವವರೆಗೂ ಒತ್ತಿ ಹಿಡಿದಳು. ಮುಂದಿನ ಎಡ ಚಕ್ರ ಇರಬೇಕಾಗಿದ್ದ ಜಾಗದಲ್ಲಿ, ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಮಲಗಿದ್ದ ಮೈದುನ ವೆಂಡೆಲ್, ತಿರುಪು ಬಿಗಿ ಮಾಡಿದ್ದೇನೆ, ಬಿಡು ಎಂದ. ಬಿಟ್ಟಳು. ಇನ್ನೊಮ್ಮೆ ಒತ್ತು ಎಂದ. ಒತ್ತಿದಳು. ಮೊದಲಿನಷ್ಟೇ ಮೆತ್ತಗೆ. ಬೆಳಗಿನಿಂದ ಇದೇ ನಡೆದಿತ್ತು. ಹಿಂದಿನ ಎರಡು ಬ್ರೇಕುಗಳ ಎಣ್ಣೆಯಲ್ಲಿ ಸೇರಿಕೊಂಡು ಪೆಡಲನ್ನು ಮೆತ್ತಗಾಗಿಸಿದ್ದ ಗಾಳಿ ಸುಲಭವಾಗಿ ಹೊರಗೆ ಬಂದಿತ್ತು. ಮುಂದಿನವು ಮಾತ್ರ ಹಟ ಹಿಡಿದಿದ್ದವು. ವೆಂಡೆಲ್ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುವ ಸದ್ದು ಕೂಡ ಅವಳಿಗೆ ಕೇಳಿಸಿತು. ಆಮೇಲೆ, ಅವಳು ಬೆಳಗಿನಿಂದ ಹೆದರಿಕೊಂಡು ಕಾಯುತ್ತಿದ್ದ ಮಾತು ಬಂತು.

"ನಾನು ಬಿಗಿ ಮಾಡೋಕೆ ಮುಂಚೇನೇ ಕಾಲು ಎತ್ತಿಬಿಡ್ತೀಯ ಲೈಡಾ. ಹೊರಗೆ ಬಂದ ಗಾಳಿಯೆಲ್ಲ ವಾಪಸ್ ಒಳಗೆ ಹೋಗ್ತದೆ."

"ಎತ್ತಿಲ್ಲ."

"ನಿಂಗೆ ಗೊತ್ತಾಗಲ್ಲ ಬಿಡು. ವಯಸ್ಸಾಯ್ತಲ್ಲಮ್ಮ, ನನ್ನ ಕಾಲೂ ನನ್ನ ಮಾತು ಕೇಳಲ್ಲ."

ಕೆಣಕಲು ಹೇಳಿದ್ದರೆ ತಿರುಗಿ ಹೇಳಬಹುದಿತ್ತು. ಅವನು ಕರುಣೆಯಿಂದ ಹೇಳಿದ್ದ. ಅದೇ ಅವಳಿಗೆ ಚುಚ್ಚಿತು. ಅಲೈಡಾ ಗಾಜಿನ ಆಚೆ, ತೆರೆದ ಬಾಗಿಲಿನಿಂದ ಕಾಣುವ ಅಂಗಳವನ್ನು ನೋಡಿದಳು. ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಮೇಪಲ್ ಎಲೆಗಳು ಗ್ಯಾರೇಜಿನ ಹೊಸ್ತಿಲವರೆಗೆ ಬಂದು, ಒಳಗೆ ಬರಲು ಅಪ್ಪಣೆ ಸಿಗದವರಂತೆ ಅಲ್ಲೇ ನಿಂತಿದ್ದವು. ಸೋಮವಾರ ಈ ಮನೆಯ ಕೀಲಿ ಬೇರೆಯವರ ಕೈಗೆ ಹೋಗುತ್ತದೆ. ಅವಳು ಚರ್ಚಿನ ವೃದ್ಧಾಶ್ರಮದ ಒಂದು ಕೋಣೆಗೆ ಹೋಗುತ್ತಾಳೆ. ಅಲ್ಲಿ ಕಾರಿಗೆ ಜಾಗವಿಲ್ಲ. ವಸಂತದಲ್ಲಿ ತೀರಿಕೊಂಡ ಅವಳ ಗಂಡ ಲ್ಯಾಂಬರ್ಟ್‌ನ ಈ ಹಸಿರು ಬಣ್ಣದ, ಇಬ್ಬರೇ ಕೂರಬಹುದಾದ, ಮಾಡು ಮಡಿಸುವ ಹಳೆಯ ಕಾರು ಇನ್ನು ಅವನ ತಮ್ಮನ ಕೊಟ್ಟಿಗೆಗೆ ಸೇರುತ್ತದೆ. ಈರುಳ್ಳಿ ಹೊಲಗಳ ನಡುವಿನ ರಸ್ತೆಯಲ್ಲಿ ಅದನ್ನು ಓಡಿಸಿಕೊಂಡು ಹೋಗಬೇಕಾದರೆ ಬ್ರೇಕು ಹಿಡಿಯಬೇಕು. ಅದೂ ಇವತ್ತೇ ಆಗಬೇಕು, ನಾಳೆ ಭಾನುವಾರ. ಭಾನುವಾರ ಈ ಮನೆತನದ ಯಾರೂ ಸ್ಪ್ಯಾನರು ಮುಟ್ಟಿದ್ದಿಲ್ಲ. ಎಲ್ಲ ಸರಿ, ಎಲ್ಲ ನ್ಯಾಯವೇ. ಆದರೆ ಈ ಸೀಟಿನಲ್ಲಿ ಮತ್ತೆ ಕೂರುವ ದಿನ ಬರುತ್ತದೆಂದು, ಅದೇ ಮಾತನ್ನು ಅದೇ ಮನೆತನದ ಇನ್ನೊಂದು ಬಾಯಿಂದ ಕೇಳಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ಪ್ರತಿ ಶರತ್ಕಾಲದಲ್ಲಿ, ಕಾರನ್ನು ಚಳಿಗಾಲಕ್ಕೆ ಮುಚ್ಚಿಡುವ ಮೊದಲು, ಲ್ಯಾಂಬರ್ಟ್ ಬ್ರೇಕಿನ ಹಳೆಯ ಎಣ್ಣೆ ತೆಗೆದು ಹೊಸದು ತುಂಬುತ್ತಿದ್ದ. ಅದು ಇಬ್ಬರ ಕೆಲಸ. ಅವನು ಚಕ್ರದ ಬಳಿ, ಅವಳು ಪೆಡಲಿನ ಮೇಲೆ. ಮಡಿಲಲ್ಲಿ ಸೇಬುಗಳ ಬೋಗುಣಿ ಇಟ್ಟುಕೊಂಡು, ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಸಿಪ್ಪೆ ತೆಗೆಯುತ್ತ ಕೂರುತ್ತಿದ್ದಳು. ಒತ್ತು ಎನ್ನುತ್ತಿದ್ದ. ಒತ್ತಿದೆ ಎನ್ನುತ್ತಿದ್ದಳು. ಹಿಡಿ ಎನ್ನುತ್ತಿದ್ದ. ಹಿಡಿದಿದ್ದೀನಿ ಎನ್ನುತ್ತಿದ್ದಳು. ಆಗ ಅವನು ತಿರುಪನ್ನು ಸ್ವಲ್ಪ ಸಡಿಲಿಸಿದರೆ ಅವಳ ಪಾದ ತಾನಾಗಿ ಕೆಳಗಿಳಿಯುತ್ತಿತ್ತು, ಯಾರೋ ಕೈಹಿಡಿದು ಮೆಟ್ಟಿಲಿಳಿಸಿದ ಹಾಗೆ. ಅವನು ಬಿಗಿ ಮಾಡಿ ಬಿಡು ಎನ್ನುವವರೆಗೆ ಅವಳು ಬಿಟ್ಟವಳಲ್ಲ. ಊಟದ ಮೇಜಿನಲ್ಲಿ ಉಪ್ಪು ಕೊಡು ಎನ್ನುವುದಕ್ಕಿಂತ ಹೆಚ್ಚು ಮಾತಾಡದ ಆ ಮನುಷ್ಯನ ಜೊತೆ ಅವಳು ಆಡಿದ ಅತ್ಯಂತ ದೀರ್ಘ ಸಂಭಾಷಣೆ ಅದೇ ಇರಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣದೆ, ಮೂರು ಮಾತಿನಲ್ಲಿ. ಅವಳ ಕಾಲು ಅಂಥ ಕಾಲು. ಅದೇ ಕಾಲು ಭಾನುವಾರ ಚರ್ಚಿನಲ್ಲಿ ಆರ್ಗನ್ನಿನ ಕೆಳಗೆ ಪಾದದಿಂದ ನುಡಿಸುವ ಮಣೆಗಳ ಮೇಲೆ ಓಡಾಡುತ್ತಿತ್ತು. ಹಿಡಿದ ಸ್ವರವನ್ನು ಸಭೆಯ ಕೊನೆಯ ಉಸಿರು ಮುಗಿಯುವವರೆಗೂ ಹಿಡಿದೇ ಇರುತ್ತಿತ್ತು.

ಹೋದ ಶರತ್ಕಾಲದಲ್ಲಿ ಲ್ಯಾಂಬರ್ಟ್ ಮುಂದಿನ ಚಕ್ರಗಳ ಕ್ಯಾಲಿಪರುಗಳನ್ನು, ಎಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಆ ಕಬ್ಬಿಣದ ಮುಷ್ಟಿಗಳನ್ನು, ಬಿಚ್ಚಿ ನೆಲಮಾಳಿಗೆಗೆ ಒಯ್ದ. ಒಳಗಿನ ರಬ್ಬರು ಬದಲಿಸಿ, ತಿಕ್ಕಿ ತೊಳೆದು, ತಂದು ಕೂರಿಸಿದ. ಆಮೇಲೆ ಅವಳನ್ನು ಕರೆದ. ಆ ದಿನವೂ ಪೆಡಲ್ ಹೀಗೇ ಮೆತ್ತಗಿತ್ತು. ವೆಂಡೆಲ್ ಮತ್ತು ಅವನ ಹೆಂಡತಿ ಥೆಲ್ಮಾ ಕಾಫಿಗೆಂದು ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಲ್ಯಾಂಬರ್ಟ್ ಚಕ್ರದ ಬಳಿಯಿಂದ ಎದ್ದು ಬಂದ. ಮುಖ ಕೆಂಪಾಗಿತ್ತು. ಕೈಯಲ್ಲಿದ್ದ ಎಣ್ಣೆಯ ಡಬ್ಬಿ ವಾಲಿ ಮಡ್‌ಗಾರ್ಡಿನ ಮೇಲೆ ಹನಿ ಬಿದ್ದದ್ದನ್ನು ಅವನು ನೋಡಲಿಲ್ಲ. "ನಿನ್ನ ಕಾಲಿಗೆ ಮನಸ್ಸೇ ಇಲ್ಲ ಕಣೇ," ಎಂದ. "ಆರ್ಗನ್ ಮುಂದೆ ಕೂತಾಗಲೂ ಹೀಗೇನಾ?" ಥೆಲ್ಮಾ ನಕ್ಕಳು, ಏನು ಮಾಡಬೇಕೆಂದು ತಿಳಿಯದವರು ನಗುವ ನಗು. ಅಲೈಡಾ ಸೇಬಿನ ಬೋಗುಣಿಯನ್ನು ಎತ್ತಿಕೊಂಡು ಇಳಿದಳು. ಇನ್ನು ಈ ಕಾರಿನಲ್ಲಿ ಕಾಲಿಟ್ಟರೆ ಕೇಳು ಎಂದಳು. ಅವನಿರುವವರೆಗೆ ಕಾಲಿಡಲೂ ಇಲ್ಲ. ಆ ರಾತ್ರಿಯ ಊಟವಾದ ಮೇಲೆ ಲ್ಯಾಂಬರ್ಟ್ ಎಂದಿನಂತೆ ದೇವರ ವಾಕ್ಯ ಓದಿದ. ತುಟಿಗಳಿಗೆ ಕಾವಲು ಇಡು ಎಂದು ಬೇಡಿಕೊಳ್ಳುವ ಕೀರ್ತನೆ. ಮರುದಿನ ಮತ್ತೆ ಅದೇ ಕೀರ್ತನೆ. ಅದರ ಮರುದಿನವೂ ಅದೇ. ನನಗೇ ಹೇಳುತ್ತಿದ್ದಾನೆ, ದೇವರ ಮಾತನ್ನು ಕೋಲು ಮಾಡಿಕೊಂಡು ನನ್ನ ಬಾಯಿಗೆ ಹೊಡೆಯುತ್ತಿದ್ದಾನೆ ಎಂದುಕೊಂಡು ಅವಳು ತಟ್ಟೆಯಿಂದ ಕಣ್ಣೆತ್ತದೆ ಕೂತಳು. ಕ್ರಿಸ್‌ಮಸ್ಸಿಗೆ ಮುಂಚಿನ ಒಂದು ಭಾನುವಾರ, ಕೊನೆಯ ಹಾಡಿನ ಕೊನೆಯ ಸ್ವರದಲ್ಲಿ ಅವಳಿಗೆ ತಾನು ಕಾಲು ಎತ್ತಿದ್ದೇನೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಸಭೆ ಹಾಡು ನಿಲ್ಲಿಸಿ ಕುಳಿತ ಮೇಲೂ ಆ ಮಂದ್ರ ಸ್ವರ ಚರ್ಚಿನೊಳಗೆ ಗುಂಯ್ಗುಡುತ್ತಲೇ ಇತ್ತು. ಜನ ತಿರುಗಿ ನೋಡಿದರು. ಹೊಸ ವರ್ಷದಿಂದ ಪಾದ್ರಿಯ ಸೊಸೆ ಆರ್ಗನ್ ನುಡಿಸುತ್ತಿದ್ದಾಳೆ.

"ಇದೇನಿದು?" ವೆಂಡೆಲ್ ಎದ್ದು, ಎಣ್ಣೆ ಒರೆಸಲು ಬಟ್ಟೆ ಹುಡುಕುತ್ತ, ಸೀಟಿನ ಹಿಂದಿನಿಂದ ಒಂದು ಕೋಲನ್ನು ಎಳೆದು ತೆಗೆದಿದ್ದ.

ಕಸಬರಿಗೆಯ ಹಿಡಿ. ಅಳತೆಗೆ ಕತ್ತರಿಸಿದ್ದು. ಅದರ ಒಂದು ತುದಿಗೆ ಪೆಡಲಿನ ಮೇಲೆ ಜಾರದಿರಲೆಂದು ರಬ್ಬರಿನ ಅಟ್ಟೆಯ ತುಂಡನ್ನು ಮೊಳೆ ಹೊಡೆದು ಸೇರಿಸಲಾಗಿತ್ತು. ಅವಳ ತೋಟದ ಚಪ್ಪಲಿಯ ಅಟ್ಟೆ. ಬೇಸಗೆಯಲ್ಲೆಲ್ಲ ಅವಳು ಆ ಚಪ್ಪಲಿಯ ಜೋಡಿಯನ್ನು ಹುಡುಕಿದ್ದಳು. ಪೆಡಲಿಗೂ ಸೀಟಿಗೂ ನಡುವೆ ಕೋಲನ್ನು ಸಿಗಿಸಿ, ಸುತ್ತಿ ಬಂದು ತಿರುಪು ಬಿಚ್ಚಿ, ಬಿಗಿದು, ಮತ್ತೆ ಸುತ್ತಿ ಹೋಗಿ ಕೋಲು ತೆಗೆದು, ಚಳಿಗಾಲವಿಡೀ ಅವನು ಒಬ್ಬನೇ ಮಾಡಿದ್ದ. ಅಡುಗೆಮನೆಗೆ ಕಾರಿನ ಬಾಗಿಲು ಹಾಕುವ ತೆಗೆಯುವ ಸದ್ದು ಕೇಳಿಸುತ್ತಿತ್ತು. ಒಬ್ಬನೇ ಮಾಡಿ ನೋಡಲಿ, ಯಾರ ಕಾಲಿಗೆ ಮನಸ್ಸಿಲ್ಲವೋ ತಿಳಿಯಲಿ ಎಂದುಕೊಂಡು ಅವಳು ಪಾತ್ರೆ ತೊಳೆಯುತ್ತಿದ್ದಳು. ಒಂದು ಸಲ, ಹಿಮ ಬೀಳುತ್ತಿದ್ದ ದಿನ, ಅವನು ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಲೈಡಾ, ಒಂದ್ಸಲ ಬಂದು ನೋಡ್ತೀಯಾ?" ಎಂದಿದ್ದ. ಕೈ ಹಿಟ್ಟಾಗಿದೆ ಎಂದಳು. ಆಯ್ತು ಎಂದು ಹೋದ.

ವೆಂಡೆಲ್ ಕೋಲನ್ನು ತಿರುಗಿಸಿ ನೋಡಿ, ಅಣ್ಣನ ತಲೆಯೇ ತಲೆ ಎಂದು ಮೆಚ್ಚಿಕೊಂಡ. ಕಡೇತನಕ ಅವನ ಕೈ ತಪ್ಪಿದ್ದಿಲ್ಲ, ಕೂದಲಿನಷ್ಟೂ ಆಚೀಚೆ ಆದದ್ದಿಲ್ಲ ಎಂದ. ಇದನ್ನು ಅವನು ಅಣ್ಣನನ್ನು ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸ ಇಟ್ಟ ಹ್ಯಾಮ್ ಬನ್ನು ತಿನ್ನುತ್ತ ಎಲ್ಲರಿಗೂ ಹೇಳಿದ್ದ. ಕಾರ್ಖಾನೆಯಲ್ಲಿ ಅಚ್ಚು ಕೊರೆಯುವ ಕೆಲಸದಲ್ಲಿದ್ದ ಲ್ಯಾಂಬರ್ಟ್‌ನ ಕೈಯ ಬಗ್ಗೆ ಎಲ್ಲರೂ ಹಾಗೆಯೇ ಹೇಳಿದ್ದರು. ಅಲೈಡಾ ಕಾಲು ಜೋಮು ಹಿಡಿದಿದೆ ಎಂದು ಹೇಳಿ ಕಾರಿನಿಂದ ಇಳಿದಳು. ಜೋಮು ಹಿಡಿದಿರಲಿಲ್ಲ. ಆ ಅಟ್ಟೆಯ ಎದುರು ಕೂತಿರಲು ಅವಳಿಂದ ಆಗಲಿಲ್ಲ. ಇರಬಹುದು, ನಾನೇ ಎತ್ತುತ್ತಿರಬಹುದು ಎಂದುಕೊಂಡಳು. ಒಬ್ಬನಲ್ಲ, ಇಬ್ಬರು ಹೇಳಿದ್ದಾರೆ. ಆರ್ಗನ್ ಕೂಡ ಹೇಳಿತು. ದೇವರೇ, ನನ್ನ ಕಾಲೇ ಸುಳ್ಳಾದರೆ ಅದನ್ನಾದರೂ ನನಗೆ ತೋರಿಸು, ಇಲ್ಲಿಂದ ಹೋಗುವ ಮೊದಲು ತೋರಿಸು. ಹೀಗೆ ಬೇಡಿಕೊಳ್ಳುತ್ತ ಕಾರಿನ ಮೂತಿಯನ್ನು ಸುತ್ತಿ ಬಂದಳು. ಮಡ್‌ಗಾರ್ಡಿನ ಮೇಲೆ ಹೋದ ವರ್ಷದ ಹನಿ ಬಿದ್ದ ಜಾಗದಲ್ಲಿ ಬಣ್ಣ ಎದ್ದು ಹೋಗಿ ಬರೀ ತಗಡು ಕಾಣುತ್ತಿತ್ತು. ಬ್ರೇಕಿನ ಎಣ್ಣೆ ಬಣ್ಣ ತಿನ್ನುತ್ತದೆಂದು, ಹನಿ ಬಿದ್ದರೆ ಆ ಕ್ಷಣವೇ ನೀರು ಹಾಕಿ ಒರೆಸುತ್ತಿದ್ದ ಲ್ಯಾಂಬರ್ಟ್ ಅದನ್ನು ಹಾಗೇ ಬಿಟ್ಟಿದ್ದ. ಸಿಟ್ಟಿನಲ್ಲಿ ಮರೆತ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ವೆಂಡೆಲ್ ಬಿಟ್ಟು ಎದ್ದ ರಟ್ಟಿನ ಪಕ್ಕದಲ್ಲಿ ಅವಳು ಬಗ್ಗಿದಳು. ಕ್ಯಾಲಿಪರಿನಿಂದ ಗಾಜಿನ ಸೀಸೆಗೆ ತೆಳ್ಳನೆಯ ಪಾರದರ್ಶಕ ಕೊಳವೆ ಇಳಿಬಿಟ್ಟಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟು ವರ್ಷ ಸೀಟಿನಲ್ಲಿ ಕೂತು, ತೆರೆದ ಬಾಗಿಲಿನಿಂದ ಬಗ್ಗಿ ಅವಳು ನೋಡಿದ್ದ ಚಿತ್ರ ಬೇರೆ. ಆ ಕೊಳವೆ ಮೊದಲು ಮೇಲಕ್ಕೆ ಎದ್ದು, ಬಿಲ್ಲಿನ ಹಾಗೆ ಬಾಗಿ, ಆಮೇಲೆ ಸೀಸೆಗೆ ಇಳಿಯುತ್ತಿತ್ತು. ಅದರೊಳಗೆ ಗುಳ್ಳೆಗಳು ಒಂದರ ಹಿಂದೆ ಒಂದು ಹತ್ತಿ ಬರುತ್ತಿದ್ದವು. ಗಾಳಿ ಮೇಲಕ್ಕೇ ಹೋಗೋದು ಕಣೇ, ಅದಕ್ಕೇ ದಾರಿ ಮೇಲ್ಗಡೆ ಇಡ್ತಾರೆ ಎಂದು ಲ್ಯಾಂಬರ್ಟ್ ಎಂದೋ ಹೇಳಿದ್ದ. ಇಲ್ಲಿ ಗಾಳಿ ಬಿಡುವ ತಿರುಪು ಕ್ಯಾಲಿಪರಿನ ತಳದಲ್ಲಿತ್ತು. ಅವಳು ಎದ್ದು ಬಲಗಡೆಗೆ ಹೋಗಿ ನೋಡಿದಳು. ಅಲ್ಲೂ ತಳದಲ್ಲೇ. ಎಣ್ಣೆ ಬರುವ ರಬ್ಬರು ಕೊಳವೆ ಸ್ವಲ್ಪ ತಿರುಚಿಕೊಂಡಿತ್ತು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಲಾಗಿತ್ತು. ಗಾಳಿ ಮೇಲ್ಗಡೆಯೇ ಸಿಕ್ಕಿಬಿದ್ದು, ಯಾರು ಎಷ್ಟು ಒತ್ತಿದರೂ, ಎಷ್ಟು ಹಿಡಿದರೂ, ಎಣ್ಣೆ ಮಾತ್ರ ಕೆಳಗಿನಿಂದ ಬಂದು ಹೋಗುತ್ತಿತ್ತು.

ಮೊದಲು ಬಂದದ್ದು ಸಂತೋಷ. ಅದು ಒಳ್ಳೆಯ ಸಂತೋಷವಾಗಿರಲಿಲ್ಲ. ಎದುರಾಳಿ ಬಿದ್ದಾಗ ಆಗುವಂಥದ್ದು. ನನ್ನ ಕಾಲಲ್ಲ. ಯಾವತ್ತೂ ಆಗಿರಲಿಲ್ಲ. ಥೆಲ್ಮಾಳಿಗೆ ಹೇಳಬೇಕು, ಪಾದ್ರಿಯ ಸೊಸೆಗೆ ಹೇಳಬೇಕು. ಅವಳು ಬಾಯಿ ತೆರೆದೇಬಿಟ್ಟಳು. "ವೆಂಡೆಲ್, ಇಲ್ಲಿ ನೋಡು. ತಿರುಪು ತಳದಲ್ಲಿದೆ. ಎಡಬಲ ಅದಲುಬದಲಾಗಿದೆ." ಅವನು ಬಂದು ಮಂಡಿಯೂರಿದ. ಬೆರಳಿನಿಂದ ಮುಟ್ಟಿದ. ಎದ್ದು ಆಚೆ ಕಡೆ ಹೋಗಿ ಅಲ್ಲೂ ಮುಟ್ಟಿದ. ಪೆಪ್ಪರ್‌ಮಿಂಟಿನ ಸದ್ದು ನಿಂತಿತ್ತು.

"ಇದನ್ನ ಕೂರಿಸಿದ್ದು ಯಾರು?"

ಅಲೈಡಾ ಆಗ ಅವನ ಮುಖ ನೋಡಿದಳು.

ಆ ಮುಖವನ್ನು ಅವಳು ಮೊದಲು ನೋಡಿದ್ದಳು. ಹೋದ ವರ್ಷ ಇದೇ ಜಾಗದಲ್ಲಿ, ಇದೇ ಮೂಗು, ಇದೇ ಹುಬ್ಬಿನ ಇನ್ನೊಂದು ಮುಖ ಕೆಂಪಾಗಿ ಎದ್ದು ಬಂದಾಗ. ಅದನ್ನು ಅವಳು ಸಿಟ್ಟು ಎಂದುಕೊಂಡಿದ್ದಳು. ಅದು ಸಿಟ್ಟಲ್ಲ, ಭಯ. ಹೋದ ಚಳಿಗಾಲ ಅವನಿಟ್ಟ ಕಾಫಿ ಪುಡಿಯ ಡಬ್ಬಿ ಬೂಟಿನ ಗೂಡಿನಲ್ಲಿ ಸಿಕ್ಕಿದ್ದು, ಚರ್ಚಿಗೆ ಹೋಗುವಾಗ ಅವನು ಎಂದೋ ನೆಲಸಮವಾದ ಹಳೆಯ ಚರ್ಚಿನ ರಸ್ತೆಗೆ ತಿರುಗಿ ಸುಮ್ಮನೆ ಕೂತುಬಿಟ್ಟಿದ್ದು, ಕೀರ್ತನೆ, ಅದೇ ಕೀರ್ತನೆ, ಅದೇ ಕೀರ್ತನೆ. ಅವನು ಅವಳ ಬಾಯಿಗೆ ಹೊಡೆಯುತ್ತಿರಲಿಲ್ಲ. ಹಿಂದಿನ ದಿನ ಓದಿದ್ದು ಅವನಿಗೆ ನೆನಪಿರಲಿಲ್ಲ. ಬಂದು ನೋಡ್ತೀಯಾ ಎಂದಿದ್ದ. ಬಂದು ಒತ್ತು ಎಂದಿರಲಿಲ್ಲ, ನೋಡು ಎಂದಿದ್ದ. ಬಂದು ನೋಡಿದ್ದರೆ ಈಗ ಕಂಡದ್ದು ಆಗಲೂ ಕಾಣುತ್ತಿತ್ತು. ಕೈ ಹಿಟ್ಟಾಗಿತ್ತು.

"ಅಪ್ಪನ ಥರ," ಎಂದು ವೆಂಡೆಲ್ ಮೆಲ್ಲಗೆ ಶುರುಮಾಡಿ, ನಿಲ್ಲಿಸಿದ. ಅವರ ತಂದೆ ಕೊನೆಯ ವರ್ಷಗಳಲ್ಲಿ ಮರೆವಿಗೆ ಸಿಕ್ಕಿ, ಎಂದೋ ಮಾರಿದ ಕುದುರೆಯನ್ನು ಹುಡುಕಿಕೊಂಡು, ಹಿಮ ಕೂತ ಈರುಳ್ಳಿ ಹೊಲದಲ್ಲಿ ಒಳ ಅಂಗಿಯಲ್ಲಿ ಅಲೆಯುತ್ತಿದ್ದರು. ಅಣ್ಣನಿಗೆ ಹಾಗಾಗಲಿಲ್ಲ, ನಮ್ಮ ಪೀಳಿಗೆ ಅದರಿಂದ ಪಾರಾಯಿತು ಎಂಬುದು ವೆಂಡೆಲ್ ಮಣ್ಣು ಮಾಡಿದ ದಿನ ಹ್ಯಾಮ್ ಬನ್ನಿನ ಜೊತೆ ಎಲ್ಲರಿಗೂ ಹಂಚಿದ ಸಮಾಧಾನ. ಈಗ ಅವನು ಸ್ಪ್ಯಾನರು ಹಿಡಿದ ತನ್ನ ಬಲಗೈಯನ್ನು, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಿದ್ದ.

"ನಾನು," ಎಂದಳು ಅಲೈಡಾ.

"ಏನು?"

"ಕೂರಿಸಿದ್ದು ನಾನು. ಅವನಿಗೆ ಬೆನ್ನು ಹಿಡಿದಿತ್ತು. ಎದ್ದ ಮೇಲೆ ನಾನೇ ಮಾಡ್ತೀನಿ ಅಂದ. ನಾನು ಕೇಳಲಿಲ್ಲ. ಸರಿಯಾಗೇ ಕೂರಿಸಿದೀನಿ ಅಂತ ಹೇಳಿದೆ."

ವೆಂಡೆಲ್ ಅವಳನ್ನು ನೋಡುತ್ತ ನಿಂತ. ನಂಬಲು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಹೆಚ್ಚು ಹೊತ್ತು ಬೇಕಾಗಲಿಲ್ಲ. ಭುಜಗಳು ಇಳಿದವು. ನಗು ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ ಬಂತು.

"ಎಡ ಯಾವುದು ಬಲ ಯಾವುದು ಗೊತ್ತಿಲ್ದೆ ಇಷ್ಟು ವರ್ಷ ಆರ್ಗನ್ ಹೇಗೆ ಬಾರಿಸಿದ್ಯೋ ಮಾರಾಯ್ತಿ." ಕಣ್ಣು ಒರೆಸಿಕೊಂಡ. "ಪಾಪ, ಅಣ್ಣ. ಅವತ್ತು ಬೈದದ್ದು ಅಂದ್ರೆ ಸುಮ್ಮನೆ ಬೈದದ್ದಲ್ಲ. ಥೆಲ್ಮಾಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾಳೆ."

ಹೇಳು ಎಂದಳು ಅಲೈಡಾ. ನಾಳೆ ಆರಾಧನೆ ಮುಗಿದ ಮೇಲಿನ ಕಾಫಿಗೆ ಇದು ಎಲ್ಲ ಮೇಜುಗಳನ್ನೂ ಸುತ್ತುತ್ತದೆ. ಸೋಮವಾರ ವೃದ್ಧಾಶ್ರಮಕ್ಕೆ ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತದೆ.

ಮಧ್ಯಾಹ್ನ ಬಟಾಣಿ ಸೂಪು ಬಿಸಿ ಮಾಡಿ, ಕಟ್ಟಿಡದೆ ಉಳಿಸಿಕೊಂಡಿದ್ದ ಎರಡು ಬಟ್ಟಲುಗಳಲ್ಲಿ ಬಡಿಸಿದಳು. ವೆಂಡೆಲ್ ಹಗುರವಾಗಿದ್ದ. ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ತಿಂದ, ಎರಡನೆಯ ಸಲ ಹಾಕಿಸಿಕೊಂಡ. ಊಟ ಮುಗಿದ ಮೇಲೆ ಕೈ ಒರೆಸಿಕೊಂಡು, ಗಂಡಸರು ಇರುವ ಮೇಜಿನಲ್ಲಿ ಗಂಡಸರೇ ಓದುವ ಪದ್ಧತಿಯಂತೆ, ಕಿಟಕಿಯ ಕಟ್ಟೆಯ ಮೇಲಿದ್ದ ಕಪ್ಪು ಹೊದಿಕೆಯ ದೊಡ್ಡ ಬೈಬಲನ್ನು ತೆಗೆದುಕೊಂಡ. ಅವಳು ದಪ್ಪ ಅಕ್ಷರದ ತನ್ನದನ್ನೇ ಓದುತ್ತಿದ್ದುದರಿಂದ ಅದನ್ನು ಯಾರೂ ತೆರೆದಿರಲಿಲ್ಲ. ಅಣ್ಣ ನಿಲ್ಲಿಸಿದ ಕಡೆಯಿಂದಲೇ ಓದುತ್ತೇನೆ ಎಂದು ವೆಂಡೆಲ್ ರಿಬ್ಬನ್ನು ಇದ್ದಲ್ಲಿ ತೆರೆದ. ಅವನ ಧ್ವನಿ ಲ್ಯಾಂಬರ್ಟ್‌ನ ಧ್ವನಿಯೇ, ತುಸು ತೆಳು. ಬಾಯಿಗೆ ಕಾವಲು ಬೇಡುವ ಸಾಲು ಬಂದಾಗ ಅವಳು ತಲೆ ಇನ್ನಷ್ಟು ಬಗ್ಗಿಸಿದಳು. ಈಗಲೂ ಹೇಳಬಹುದು. ಪುಸ್ತಕ ಮುಚ್ಚುವ ಮೊದಲು ಹೇಳಿದರೆ ದೇವರ ಎದುರು ಅದು ಸುಳ್ಳಾಗಿ ಉಳಿಯುವುದಿಲ್ಲ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಬೇಡವೆಂದು ಆಜ್ಞೆಯಿದೆ. ತನ್ನ ಮೇಲೆ ತಾನೇ ಹೇಳಿಕೊಂಡರೆ ಏನು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಇದು ಪ್ರೀತಿಯೋ, ಅಥವಾ ಹಿಟ್ಟಿನ ಕೈಗೆ ತೆರುವ ದಂಡವೋ, ಅದೂ ತಿಳಿಯಲಿಲ್ಲ. ದಂಡವಾದರೆ ಇಷ್ಟಕ್ಕೆ ತೀರುವಂಥದ್ದಲ್ಲ. ಅವಳು ದೇವರಲ್ಲಿ ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಸುಳ್ಳನ್ನು ಬಿಟ್ಟುಕೊಡಬೇಕಾಗುತ್ತದೆ.

"ಈ ಪುಟ ಎಷ್ಟು ಸವೆದಿದೆ ನೋಡು," ಎಂದ ವೆಂಡೆಲ್. "ಅಣ್ಣಂಗೆ ಇದು ಇಷ್ಟ ಅಂತ ಕಾಣ್ತದೆ."

"ಹೌದು," ಎಂದಳು. "ಎಷ್ಟೋ ಸಲ ಓದ್ತಿದ್ದ."

ಊಟದ ನಂತರ ವೆಂಡೆಲ್ ಎರಡೂ ಕ್ಯಾಲಿಪರುಗಳನ್ನು ಬಿಚ್ಚಿ ಅದಲುಬದಲು ಮಾಡಿ ಕೂರಿಸಿದ. ಇದು ಎಡ, ಎಡ ಅಂದ್ರೆ ಎಡ ಎಂದು ಅವಳಿಗೆ ಕೇಳುವಂತೆ ಹೇಳಿಕೊಂಡು, ತಾನೇ ನಕ್ಕ. ಕೋಲನ್ನು ಅವನು ಕಸದ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ. ಅವಳ ಚಪ್ಪಲಿಯ ಅಟ್ಟೆ ಮೇಲಕ್ಕೆ ಕಾಣುತ್ತಿತ್ತು. ಬಿಸಿಲು ಹೋಗಿತ್ತು. ಅಲೈಡಾ ಸೀಟಿನಲ್ಲಿ ಕೂತು ಬಲಗಾಲನ್ನು ಪೆಡಲಿನ ಮೇಲಿಟ್ಟಳು. ಮಡಿಲಲ್ಲಿ ಕೈಗಳಿಗೆ ಏನೂ ಕೆಲಸವಿರಲಿಲ್ಲ.

ಒತ್ತು ಎಂದ. ಒತ್ತಿದೆ ಎಂದಳು. ಹಿಡಿ ಎಂದ. ಹಿಡಿದಿದ್ದೀನಿ ಎಂದಳು. ಪಾದ ಕೆಳಗಿಳಿಯಿತು. "ಬಂತು ನೋಡು," ಎಂದ ವೆಂಡೆಲ್, "ಗುಳ್ಳೆ ಗುಳ್ಳೆಯಾಗಿ ಬರ್ತಾ ಇದೆ, ಒಂದು ವರ್ಷದ ಗಾಳಿ." ಅವನು ಬಿಗಿ ಮಾಡಿದ, ಬಿಡು ಎಂದ, ಮತ್ತೆ ಒತ್ತು ಎಂದ. ಪ್ರತಿ ಸಲವೂ ಪೆಡಲ್ ಸ್ವಲ್ಪ ಸ್ವಲ್ಪ ಮೇಲೆಯೇ ನಿಲ್ಲತೊಡಗಿತು. ಎಡಗಡೆ ಮುಗಿಸಿ ಬಲಗಡೆಗೆ ಹೋದ. ಅಲ್ಲೂ ಗುಳ್ಳೆಗಳು ಬಂದವು, ಆಮೇಲೆ ನಿಂತವು, ಬರೀ ಎಣ್ಣೆ ಬಂತು. ಕೊನೆಯ ಸಲ ಅವಳು ಒತ್ತಿದಾಗ ಪೆಡಲ್ ಅರ್ಧ ದಾರಿಯಲ್ಲಿ ಕಲ್ಲಿನ ಹಾಗೆ ನಿಂತಿತು. ಎಷ್ಟು ಒತ್ತಿದರೂ ಇಳಿಯಲಿಲ್ಲ. ಅಂಗಾಲಿಗೆ ಎದುರಾಗಿ, ಅಷ್ಟೇ ಬಲದಿಂದ, ಆಚೆ ಕಡೆಯಿಂದಲೂ ಯಾರೋ ಒತ್ತಿ ಹಿಡಿದಿದ್ದ ಹಾಗಿತ್ತು.

ವೆಂಡೆಲ್ ಎದ್ದು, ಕೈ ಒರೆಸಿಕೊಳ್ಳುತ್ತ, ಕಾರಿನ ಬಾಗಿಲಿಗೆ ಬಂದು ಬಗ್ಗಿ ನೋಡಿದ.

"ಬಿಡು ಲೈಡಾ," ಎಂದ. "ಮುಗೀತು."

ಅವಳಿಗೆ ಕೇಳಿಸಿತು. ಕಾಲು ಏಳಲಿಲ್ಲ.

"ಹಿಡಿದಿದ್ದೀನಿ," ಎಂದಳು.